ಗಾಳದ ಕೂದಲ ಬಾಲ: ‘ಘರ್ಷಣೆ’ ಘಟಕಕ್ಕೊಂದು ಚಟುವಟಿಕೆ

ಬಬಲೇಶ್ವರ ಭಾಗದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ನನಗೆ ಬಂದದ್ದು 8ನೇ ತರಗತಿ ವಿಜ್ಞಾನದ ‘ಘರ್ಷಣೆ’ ಘಟಕ. ಇಟ್ಟಿಗೆಗೆ ದಾರ ಕಟ್ಟಿ ಸ್ಪ್ರಿಂಗ್ ತ್ರಾಸಿನಿಂದ ಎಳೆಯುವ ಚಟುವಟಿಕೆ ಮುಗಿದಿತ್ತು. ಮಕ್ಕಳು ಮಾಡಿದರು, ಬರೆದುಕೊಂಡರು, ಅಷ್ಟೆ. ಬಿಡುವಿನಲ್ಲಿ ಅವರ ಮಾತೆಲ್ಲ ಮೀನಿನದು. ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಯ ಕೆರೆಗಳಿಗೆ ಬಂದಿದೆ. ಆದಿಲ್‌ಶಾಹಿ ಕಾಲದ ಮಮದಾಪುರ ಕೆರೆಯೂ ಅದರಲ್ಲಿ ಸೇರಿದೆ. ಹಾಗಾಗಿ ಮುಂದಿನ ಪಾಠಕ್ಕೆ ಗಾಳವನ್ನೇ ಆರಿಸಿಕೊಂಡೆ.

ಎರೆಹುಳುವಿನ ಬದಲು ಕೂದಲ ಬಾಲ ಕಟ್ಟಿದ ಗಾಳವೂ ಉಂಟು. ತಲೆಯಲ್ಲಿ ಭಾರ, ಹಿಂದೆ ಕೂದಲ ಕುಚ್ಚು. ನೀರಿನಲ್ಲಿ ಎಳೆದಾಗ ಕೂದಲು ಒಂದಕ್ಕೊಂದು ಅಂಟಿ ಸಣ್ಣಗಾಗುತ್ತದೆ, ಎಳೆತ ನಿಂತರೆ ಅರಳುತ್ತದೆ. ಮೀನು ಅದನ್ನು ಮರಿಮೀನೆಂದು ಬಗೆದು ಬಾಯಿ ಹಾಕುತ್ತದೆ.

ತರಗತಿಗೆ ಗಾಳದ ಮುಳ್ಳು ತರಲಿಲ್ಲ. ಸೈಕಲ್ ಚಕ್ರದ ಕಡ್ಡಿಯ ತುಂಡು, ಹೊಲಿಗೆ ದಾರ, ಆಡಿನ ಕೂದಲು, ಭಾರಕ್ಕೆ ಕಬ್ಬಿಣದ ನಟ್ಟು. ಸೀಸ ಕರಗಿಸಿ ತಲೆ ಮಾಡುವವರಿದ್ದಾರೆ. ಸೀಸ ವಿಷ, ಅದನ್ನು ಶಾಲೆಯೊಳಗೆ ಬಿಡಲೇಬಾರದು.

ನಾನು ಕೂದಲನ್ನು ಕಡ್ಡಿಯ ಮೇಲಿಟ್ಟು, ದಾರ ಸುತ್ತಿ, ಎರಡು ಗಂಟು ಬಿಗಿದು ತೋರಿಸಿದೆ. ಮುಂದಿನ ಬೆಂಚಿನ ಹುಡುಗ ಎಳೆದ. ಇಡೀ ಕುಚ್ಚು ಅವನ ಕೈಗೆ ಬಂತು. ತರಗತಿ ನಕ್ಕಿತು. ನಾನು ಅದನ್ನು ಮೇಜಿನ ಕೆಳಗಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ಇಷ್ಟೇ ಕೇಳಿದರು: “ಗಂಟು ಬಿಚ್ಚಿತೋ, ಕೂದಲು ಜಾರಿತೋ?”

ಹೊರತೆಗೆದು ನೋಡಿದೆವು. ಗಂಟು ಇದ್ದಂತೆಯೇ ಇತ್ತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದಳು: “ಟೀಚರ್, ಕಡ್ಡಿ ನುಣ್ಣಗೈತ್ರಿ. ಮೊದಲ ಬರೇ ದಾರ ಸುತ್ತಬೇಕ್ರಿ, ಅದರ ಮ್ಯಾಲ ಕೂದಲ ಇಡಬೇಕ್ರಿ. ನಮ್ಮ ಮುತ್ಯಾ ಎತ್ತಿನ ಗೊಂಡೆ ಹಂಗ ಕಟ್ತಾನ್ರಿ.” ಕಾರಹುಣ್ಣಿಮೆಗೆ ಎತ್ತು ಸಿಂಗರಿಸುವ ಮನೆಯ ಮಗಳು. ನನ್ನ ಪಾಠ ಯೋಜನೆಯ ‘ಪೂರ್ವಜ್ಞಾನ’ದ ಅಂಕಣದಲ್ಲಿ ಗೊಂಡೆಯ ಸುದ್ದಿಯೇ ಇರಲಿಲ್ಲ.

ಆಕೆಯೇ ಕಟ್ಟಿ ತೋರಿಸಿದಳು. ಬರಿ ಕಡ್ಡಿಗೆ ಒತ್ತೊತ್ತಾಗಿ ಹತ್ತು ಸುತ್ತು. ಅದರ ಮೇಲೆ ಬೆಂಕಿಕಡ್ಡಿಯಷ್ಟೇ ದಪ್ಪದ ಕೂದಲು. ಎರಡು ಸುತ್ತು ಸಡಿಲ, ಆಮೇಲೆ ದಾರವನ್ನು ನೇರ ಕೆಳಗೆಳೆದು ಬಿಗಿ. ನಂತರದ ಪ್ರತಿ ಸುತ್ತೂ ಹಿಂದಿನದರ ಪಕ್ಕಕ್ಕೆ ತಾಗಿಕೊಂಡೇ. ದಾರದ ತುದಿಯನ್ನು ಸುತ್ತುಗಳ ಕೆಳಗೆ ತೂರಿಸಿ ಎಳೆದಳು. ಗಂಟೇ ಇಲ್ಲ! ಈ ಸಲ ಹುಡುಗ ಎಳೆದಾಗ ನಾಲ್ಕಾರು ಕೂದಲು ಹರಿದವು, ಕುಚ್ಚು ಅಲುಗಲಿಲ್ಲ.

ವಿವರಣೆಯ ಹಂತ ಸುಲಭವಾಯಿತು. ಕೆಳಗಿನ ದಾರ ಮೇಲ್ಮೈಯನ್ನು ಒರಟಾಗಿಸುತ್ತದೆ. ಬಿಗಿದ ಸುತ್ತುಗಳು ಕೂದಲನ್ನು ಒತ್ತಿ ಹಿಡಿಯುತ್ತವೆ. ಒತ್ತುವ ಬಲ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ಕೂದಲು ತೀರ ದಪ್ಪವಾದರೆ ನಡುವಿನ ಎಳೆಗಳು ದಾರಕ್ಕೂ ತಾಗುವುದಿಲ್ಲ, ಕಡ್ಡಿಗೂ ತಾಗುವುದಿಲ್ಲ; ಅವು ತಮ್ಮತಮ್ಮಲ್ಲೇ ಜಾರುತ್ತವೆ. ನನ್ನದು ಕಿರುಬೆರಳಿನಷ್ಟು ದಪ್ಪವಿತ್ತು.

ಬಕೆಟ್ ನೀರಿನಲ್ಲಿ ಬಾಲ ಅರಳಿಸಿ ದ್ರವ ಘರ್ಷಣೆಗೆ ಹೋಗಬೇಕಿತ್ತು. ಅವಧಿ ಮುಗಿಯಿತು, ಅದು ಮರುದಿನಕ್ಕೆ ಉಳಿಯಿತು. 40 ನಿಮಿಷಕ್ಕೆ ಎರಡೂ ಹಿಡಿಯುವುದಿಲ್ಲ. ಪ್ರಶಿಕ್ಷಣಾರ್ಥಿಗಳು ಇದನ್ನು ಎರಡು ಅವಧಿಯಾಗಿಯೇ ಯೋಜಿಸಿಕೊಳ್ಳಲಿ.

ಮುಂದೆ ತಿಕೋಟಾದ ಶಾಲೆಯಲ್ಲಿ ಇದೇ ಪಾಠ ಮಾಡಿದಾಗ ಮೊದಲು ಮೇಜಿನ ಮೇಲಿಟ್ಟದ್ದು ಆ ಕಿತ್ತುಬಂದ ಕುಚ್ಚನ್ನೇ. ಪ್ರಶ್ನೆಯೂ ಅದೇ: ಗಂಟು ಬಿಚ್ಚಿತೋ, ಕೂದಲು ಜಾರಿತೋ? ಅರ್ಧ ತರಗತಿ ಗಂಟು ಎಂದಿತು, ಉಳಿದರ್ಧ ನೋಡಲು ಮೇಜಿನ ಬಳಿಗೆ ಬಂತು.