ಎಕ್ಸೆಲ್ ಇರುವಾಗ ಡೇಟಾಬೇಸ್ ಯಾಕೆ?

ದ್ವಿತೀಯ ಪಿಯುಸಿಯಲ್ಲಿ ಡೇಟಾಬೇಸ್ ಅಧ್ಯಾಯ ಶುರುವಾದ ಕೂಡಲೇ ಈ ಪ್ರಶ್ನೆ ಬಂದೇ ಬರುತ್ತದೆ: “ಸರ್, ಎಕ್ಸೆಲ್ ಇರುವಾಗ ಇದೆಲ್ಲ ಯಾಕೆ?” ಪ್ರೈಮರಿ ಕೀ, ಫಾರಿನ್ ಕೀ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದವರಿಗೂ ಉತ್ತರ ಹೊಳೆಯುವುದಿಲ್ಲ. ಗ್ರಂಥಾಲಯ, ಬ್ಯಾಂಕು ಎಂಬ ಹಳೆಯ ಉದಾಹರಣೆಗಳನ್ನು ಬಿಟ್ಟು, ಈ ಸಲ ಕೆಮಿಸ್ಟ್ರಿ ಲ್ಯಾಬ್ ಕಡೆಗೆ ಹೋಗೋಣ.

ಆಕ್ಸಿಜನ್‌ಗೆ ಮೂರು ಸ್ಥಿರ ಐಸೊಟೋಪ್‌ಗಳಿವೆ: 16, 17 ಮತ್ತು 18. ಇವು ವಿಕಿರಣ ಸೂಸುವುದಿಲ್ಲ, ತೂಕದಲ್ಲಿ ಮಾತ್ರ ವ್ಯತ್ಯಾಸ. ಸಮುದ್ರದ ನೀರಿನಲ್ಲಿ 10 ಲಕ್ಷ ಆಕ್ಸಿಜನ್-16 ಪರಮಾಣುಗಳಿಗೆ ಸುಮಾರು 2005 ಆಕ್ಸಿಜನ್-18 ಪರಮಾಣುಗಳು ಸಿಗುತ್ತವೆ. ನೀರು ಆವಿಯಾಗುವಾಗ ಹಗುರ ಅಣುಗಳು ಸ್ವಲ್ಪ ಹೆಚ್ಚಾಗಿ ಮೇಲೇಳುತ್ತವೆ. ಮಳೆಯಾಗುವಾಗ ಭಾರದವು ಸ್ವಲ್ಪ ಹೆಚ್ಚಾಗಿ ಇಳಿಯುತ್ತವೆ. ಹಾಗಾಗಿ ಆಕ್ಸಿಜನ್ ಮತ್ತು ಹೈಡ್ರೋಜನ್ ಎರಡರ ಅನುಪಾತಗಳನ್ನೂ ನೋಡಿದರೆ, ಬಾವಿಯ ನೀರು ಮಳೆಯಿಂದ ನೇರವಾಗಿ ಇಂಗಿದ್ದೋ, ಕೆರೆಯಲ್ಲಿ ನಿಂತು ಬಿಸಿಲಿಗೆ ಆವಿಯಾಗಿ ಆಮೇಲೆ ಇಂಗಿದ್ದೋ ಎಂದು ಅಂದಾಜು ಮಾಡಬಹುದು. ವ್ಯತ್ಯಾಸ ಬಹಳ ಸಣ್ಣದಾದ್ದರಿಂದ ಅದನ್ನು ಶೇಕಡಾದಲ್ಲಿ ಅಲ್ಲ, ಸಾವಿರಕ್ಕೆ ಇಷ್ಟು ಎಂದು ಹೇಳುತ್ತಾರೆ. ಅದೇ ಡೆಲ್ಟಾ ಬೆಲೆ.

ಇಲ್ಲಿ ಒಂದು ತೊಡಕು. ಯಂತ್ರ ತೋರಿಸುವ ಸಂಖ್ಯೆ ಅಂತಿಮ ಉತ್ತರ ಅಲ್ಲ. ಅದು ದಿನದಿಂದ ದಿನಕ್ಕೆ ಸ್ವಲ್ಪ ಜಾರುತ್ತದೆ. ಹಿಂದಿನ ಸ್ಯಾಂಪಲ್‌ನ ಹನಿ ಒಳಗೆ ಉಳಿದು ಮುಂದಿನದರ ಜೊತೆ ಬೆರೆಯುವುದೂ ಉಂಟು. ಆದ್ದರಿಂದ ಪ್ರತಿ ಸರದಿಯಲ್ಲೂ ಬೆಲೆ ಮೊದಲೇ ಗೊತ್ತಿರುವ ಮಾನಕ ನೀರನ್ನು ಸ್ಯಾಂಪಲ್‌ಗಳ ನಡುವೆ ಇಡುತ್ತಾರೆ. ಅಂತರರಾಷ್ಟ್ರೀಯ ಮಾಪನದ ಒಂದು ತುದಿ ಸಮುದ್ರದ ನೀರಿನ ಮಾನಕ, ಬೆಲೆ 0. ಇನ್ನೊಂದು ತುದಿ ಅಂಟಾರ್ಕ್ಟಿಕಾದ ಹಿಮದಿಂದ ತಯಾರಿಸಿದ ನೀರು, ಆಕ್ಸಿಜನ್-18ರ ಬೆಲೆ −55.5.

ಒಂದು ಲೆಕ್ಕ ಮಾಡಿ ನೋಡಿ (ಯಂತ್ರದ ಸಂಖ್ಯೆಗಳು ಅಭ್ಯಾಸಕ್ಕಾಗಿ ನಾನೇ ಕೊಟ್ಟವು). ಯಂತ್ರ ಮೊದಲ ಮಾನಕಕ್ಕೆ +0.8, ಎರಡನೆಯದಕ್ಕೆ −54.2 ಎಂದು ತೋರಿಸಿತು. ನಡುವಿನ ಅಂತರ 55.0, ಇರಬೇಕಾದದ್ದು 55.5. ನಮ್ಮ ಬಾವಿ ನೀರಿಗೆ ಯಂತ್ರ −4.2 ಎಂದಿತು. ಮೊದಲು 0.8 ಕಳೆಯಿರಿ: −5.0. ಅದನ್ನು 55.5/55.0ರಿಂದ ಗುಣಿಸಿ: −5.05. ವರದಿಯಲ್ಲಿ ಬರೆಯಬೇಕಾದದ್ದು ಇದು. −4.2 ಎಂದೇ ಬರೆದುಕೊಟ್ಟಿದ್ದರೆ ಆ ಬಾವಿಯ ಬಗ್ಗೆ ನಮ್ಮ ತೀರ್ಮಾನವೇ ತಪ್ಪಾಗಬಹುದಿತ್ತು.

ಅಂದರೆ −5.05 ಎಂಬ ಒಂದು ಸಂಖ್ಯೆಯ ಹಿಂದೆ ಎಷ್ಟೊಂದು ವಿಷಯಗಳಿವೆ! ಬಾಟಲಿ ಯಾರದು, ಯಾವ ದಿನ ಅಳೆದದ್ದು, ಯಾವ ಯಂತ್ರ, ಅದೇ ಸರದಿಯ ಮಾನಕಗಳು ಎಷ್ಟು ತೋರಿಸಿದವು, ಅವುಗಳ ಒಪ್ಪಿತ ಬೆಲೆ ಎಷ್ಟು. ಇವನ್ನೆಲ್ಲ ಒಂದೇ ಹಾಳೆಯಲ್ಲಿ ತುಂಬಿಸಿದರೆ ಏನಾಗುತ್ತದೆ ಎಂಬುದು ನನಗೆ ಅನುಭವದಿಂದ ಗೊತ್ತು. ಒಮ್ಮೆ ಪ್ರಾಕ್ಟಿಕಲ್ ಅಂಕಗಳ ಹಾಳೆಯಲ್ಲಿ ಹೆಸರಿನ ಕಾಲಂ ಒಂದನ್ನೇ ಸಾರ್ಟ್ ಮಾಡಿಬಿಟ್ಟೆ. ಅಂಕಗಳು ಇದ್ದಲ್ಲೇ ಉಳಿದವು, ಹೆಸರುಗಳು ಮಾತ್ರ ಅದಲುಬದಲಾದವು. ರೆಕಾರ್ಡ್ ಪುಸ್ತಕಗಳು ಕೈಯಲ್ಲಿದ್ದುದರಿಂದ ಬಚಾವಾದೆ. ಖರ್ಚಾಗಿ ಹೋದ ನೀರಿನ ಸ್ಯಾಂಪಲ್‌ಗೆ ಅಂಥ ರೆಕಾರ್ಡ್ ಎಲ್ಲಿಂದ ತರೋಣ?

ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಲ್ಯಾಬ್ ವರ್ಜೀನಿಯಾದ ರೆಸ್ಟನ್‌ನಲ್ಲಿದೆ. ಅಲ್ಲಿನ ಟೈಲರ್ ಕೊಪ್ಲೆನ್ ಈ ಸಮಸ್ಯೆಗೆಂದೇ ಒಂದು ತಂತ್ರಾಂಶ ರೂಪಿಸಿದರು. ಅದರ ಕೈಪಿಡಿಯೊಂದು 2000ದಲ್ಲಿ ಪ್ರಕಟವಾಯಿತು. ಸ್ವಾರಸ್ಯವೆಂದರೆ ಅದಕ್ಕೆ ಬಳಸಿದ್ದು ಮೈಕ್ರೋಸಾಫ್ಟ್ ಆಕ್ಸೆಸ್, ಹಲವು ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಇರುವಂಥದ್ದೇ. ಬಾಟಲಿ ಬಂದ ಕೂಡಲೇ ಅದಕ್ಕೊಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಬೇರೆ ಯಾವ ಸ್ಯಾಂಪಲ್‌ಗೂ ಸಿಗದು. ನೀವು ಓದುವ ಪ್ರೈಮರಿ ಕೀ ಇದೇ. ಒಂದು ಬಾಟಲಿಯನ್ನು ಹಲವು ಸಲ ಅಳೆಯುವುದರಿಂದ ಅಳತೆಗಳದ್ದು ಬೇರೆ ಟೇಬಲ್. ಅಲ್ಲಿ ಬಾಟಲಿಯ ಸಂಖ್ಯೆ ಫಾರಿನ್ ಕೀ ಆಗಿ ಕೂರುತ್ತದೆ. ಯಂತ್ರದ ಮೂಲ ಸಂಖ್ಯೆಯನ್ನು ಅಳಿಸದೆ ಇಟ್ಟುಕೊಂಡು, ಮೇಲಿನ ತಿದ್ದುಪಡಿ ಲೆಕ್ಕವನ್ನು ತಂತ್ರಾಂಶವೇ ಮಾಡುತ್ತದೆ. ಮುಂದೆ ಲೇಸರ್ ಯಂತ್ರಗಳು ಬಂದಾಗ, ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲೆನರ್ಡ್ ವಾಸೆನಾರ್ ಜೊತೆ ಸೇರಿ ಅವಕ್ಕೂ ಒಂದು ಆವೃತ್ತಿ ಮಾಡಿ ಉಚಿತವಾಗಿ ಕೊಟ್ಟರು.

ಮೂಲ ಸಂಖ್ಯೆ ಉಳಿಸಿಕೊಳ್ಳುವುದು ಯಾಕೆ ಅಷ್ಟು ಮುಖ್ಯ? ಇಂಗಾಲದ ಕಥೆ ಕೇಳಿ. ಇಂಗಾಲದ ಮಾಪನಕ್ಕೆ ಎಲ್‌ಎಸ್‌ವಿಇಸಿ ಎಂಬ ಲಿಥಿಯಂ ಕಾರ್ಬೊನೇಟ್ ಪುಡಿಯನ್ನು ಎರಡನೆಯ ತುದಿಯಾಗಿ 2006ರಲ್ಲಿ ಆರಿಸಿ, −46.6 ಎಂದು ಬೆಲೆ ಕಟ್ಟಿದರು. ಕೆಲವು ವರ್ಷಗಳ ನಂತರ ತಿಳಿದುಬಂತು: ಆ ಪುಡಿ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುತ್ತದೆ, ಬೆಲೆ ಮೆಲ್ಲಗೆ ಬದಲಾಗುತ್ತದೆ. ಅಳತೆಗೋಲೇ ಕರಗುತ್ತಿದ್ದಂತೆ! ಇಂಗಾಲಕ್ಕೆ ಇನ್ನು ಅದನ್ನು ಬಳಸಬೇಡಿ ಎಂಬ ಸಲಹೆ ಹೊರಬಿತ್ತು. ಆಗ ಅಂತಿಮ ಉತ್ತರಗಳನ್ನಷ್ಟೇ ಹಾಳೆಯಲ್ಲಿ ಬರೆದಿಟ್ಟವರಿಗೆ ದಾರಿಯಿಲ್ಲ. ಯಾವ ಸರದಿಯಲ್ಲಿ ಯಾವ ಮಾನಕಗಳು ಎಷ್ಟು ತೋರಿಸಿದ್ದವು ಎಂದು ಟೇಬಲ್‌ಗಳಲ್ಲಿ ಉಳಿಸಿಕೊಂಡವರು ಮಾತ್ರ ಹಳೆಯ ಫಲಿತಾಂಶಗಳನ್ನು ಮತ್ತೆ ಲೆಕ್ಕ ಹಾಕಲು ಸಾಧ್ಯ.

ಮುಂದಿನ ಪ್ರಾಕ್ಟಿಕಲ್‌ಗೆ ಹೀಗೆ ಮಾಡಿ ಬನ್ನಿ: ಸ್ಯಾಂಪಲ್, ಸರದಿ, ಅಳತೆ, ಮಾನಕ ಎಂದು ನಾಲ್ಕು ಟೇಬಲ್ ರಚಿಸಿ, ಕೀಗಳಿಂದ ಜೋಡಿಸಿ. ಮಾನಕದ ಬೆಲೆಯನ್ನು ಒಂದೇ ಕಡೆ ಇಡಿ. ಆಮೇಲೆ, ಅಳತೆಗಳಿರುವ ಒಂದು ಸ್ಯಾಂಪಲ್ ಅನ್ನು ಅಳಿಸಲು ನೋಡಿ. ಸಾಫ್ಟ್‌ವೇರ್ ಒಪ್ಪಿಬಿಟ್ಟರೆ ನಿಮ್ಮ ಫಾರಿನ್ ಕೀ ಎಲ್ಲೋ ತಪ್ಪಿದೆ ಎಂದರ್ಥ. ಯಾವುದು ಎಂದು ಹುಡುಕಿ ಇಟ್ಟಿರಿ.