ಸಾಕುಮೊಲಗಳಲ್ಲಿ ಗಂಡು ಹೆಣ್ಣುಗಳ ವ್ಯತ್ಯಾಸ

ಮುಂಬಯಿಯ ಕ್ರಾಫರ್ಡ್ ಮಾರುಕಟ್ಟೆಯಲ್ಲಿ ಮೊಲದ ಮರಿಗಳು ಬಹುಕಾಲದಿಂದ ಮಾರಾಟವಾಗುತ್ತ ಬಂದಿವೆ. ಒಂಟಿ ಮರಿ ಬೇಸರಪಡುವುದೆಂದು ಮಕ್ಕಳಿರುವ ಮನೆಯವರು ಸಾಮಾನ್ಯವಾಗಿ ಎರಡನ್ನು ಕೊಳ್ಳುತ್ತಾರೆ. ಎರಡೂ ಹೆಣ್ಣೆಂಬ ಮಾರಾಟಗಾರನ ಮಾತನ್ನೇ ನಂಬಿ ಅವನ್ನು ಒಂದೇ ಪಂಜರದಲ್ಲಿ ಬಿಟ್ಟರೆ, ಮಾಟುಂಗ ಅಥವಾ ಮುಲುಂದದ ಒಂದು ಕೋಣೆಯ ಮನೆಯಲ್ಲಿ ಕೆಲವೇ ತಿಂಗಳುಗಳೊಳಗೆ ಹತ್ತಾರು ಮೊಲಗಳಾಗುವುದುಂಟು. ಮಾರಾಟಗಾರನು ಮೋಸವನ್ನೇ ಮಾಡಿದನೆಂದು ಹೇಳುವಂತಿಲ್ಲ. ಎಳೆಯ ಮರಿಗಳ ಲಿಂಗವನ್ನು ಗುರುತಿಸುವುದು ಅನುಭವಿಗಳಿಗೂ ಕಷ್ಟವೇ.

ಮರಿಗೆ ಎಂಟು ವಾರ ತುಂಬಿದ ಮೇಲೆ ಪರೀಕ್ಷೆ ಸುಲಭವಾಗುತ್ತದೆ. ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಅದನ್ನು ಮಡಿಲಲ್ಲಿ ಅಂಗಾತವಾಗಿ ಮಲಗಿಸಿ, ಹಿಂಭಾಗಕ್ಕೆ ಚೆನ್ನಾಗಿ ಆಧಾರ ಕೊಡಬೇಕು. ಜೋರಾಗಿ ಒದ್ದುಕೊಂಡರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಗುದದ್ವಾರದ ಮುಂದಿರುವ ಜನನಾಂಗದ ಎರಡೂ ಬದಿಗಳನ್ನು ಬೆರಳುಗಳಿಂದ ಮೆಲ್ಲನೆ ಒತ್ತಿದಾಗ, ಗಂಡಿನಲ್ಲಿ ದುಂಡಾದ ರಂಧ್ರವುಳ್ಳ ಕೊಳವೆಯಾಕಾರದ ಅಂಗವು ಹೊರಚಾಚುತ್ತದೆ. ಹೆಣ್ಣಿನಲ್ಲಿ ಉದ್ದನೆಯ ಸೀಳು ಕಾಣುತ್ತದೆ. ವೃಷಣಗಳು ಹತ್ತರಿಂದ ಹನ್ನೆರಡು ವಾರಗಳ ಸುಮಾರಿಗೆ ಕೆಳಗಿಳಿಯುತ್ತವೆ. ಆದರೆ ಮೊಲವು ಅವನ್ನು ಮತ್ತೆ ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳಬಲ್ಲದು. ಆದುದರಿಂದ ಅವು ಕಾಣಲಿಲ್ಲವೆಂಬ ಮಾತ್ರಕ್ಕೆ ಹೆಣ್ಣೆಂದು ತೀರ್ಮಾನಿಸಲಾಗದು.

ಬೆಳೆದ ಗಂಡಿನ ತಲೆ ಅಗಲವಾಗಿಯೂ ಹೆಣ್ಣಿನ ಮುಖ ನೀಳವಾಗಿಯೂ ಇರುವುದು. ಅನೇಕ ಹೆಣ್ಣುಗಳ ಕೊರಳ ಕೆಳಗೆ ಆಕಳಿನ ಗಂಗೆದೊಗಲಿನಂತಹ ಮಡಿಕೆ ಬೆಳೆಯುತ್ತದೆ. ಇವು ಪೂರಕ ಲಕ್ಷಣಗಳು ಮಾತ್ರ.

ಹೆಣ್ಣು ಮೊಲಕ್ಕೆ ಹಸು ಎಮ್ಮೆಗಳಂತೆ ನಿಯತವಾದ ಬೆದೆಯ ಅವಧಿಯಿಲ್ಲ. ಗಂಡಿನೊಡನೆ ಕೂಡಿದ ಸುಮಾರು ಹತ್ತು ಗಂಟೆಗಳಲ್ಲಿ ಅಂಡಾಣುಗಳು ಬಿಡುಗಡೆಯಾಗುತ್ತವೆ. ಗರ್ಭಾವಧಿ 30ರಿಂದ 32 ದಿನಗಳು. ಸಣ್ಣ ತಳಿಯ ಹೆಣ್ಣು ನಾಲ್ಕು ತಿಂಗಳ ವಯಸ್ಸಿಗೇ ಗರ್ಭ ಧರಿಸಬಹುದು. ಮರಿ ಹಾಕಿದ ದಿನವೇ ಮತ್ತೆ ಗರ್ಭ ಧರಿಸುವುದೂ ಸಾಧ್ಯ. ಮುಂಬಯಿಯ ನಿವಾಸಿಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಏಪ್ರಿಲ್, ಮೇ ತಿಂಗಳುಗಳ ಸೆಕೆಯಲ್ಲಿ ಗಂಡು ಮೊಲದ ಸಂತಾನಶಕ್ತಿ ತಾತ್ಕಾಲಿಕವಾಗಿ ಕುಂದಬಹುದು. ಬೇಸಿಗೆಯಲ್ಲಿ ಮರಿಗಳಾಗಲಿಲ್ಲವೆಂದು ನಿಶ್ಚಿಂತರಾದವರಿಗೆ ಮಳೆಗಾಲದ ನಂತರ ನಿಜ ತಿಳಿದೀತು.

ಇಬ್ಬರು ಗಂಡುಗಳನ್ನು ಜೊತೆಗಿಡುವುದೂ ಪರಿಹಾರವಲ್ಲ. ಪ್ರೌಢಾವಸ್ಥೆಗೆ ಬಂದೊಡನೆ ಅವು ಮೂತ್ರ ಸಿಂಪಡಿಸುತ್ತವೆ, ಪರಸ್ಪರ ಕಚ್ಚಿ ತೀವ್ರ ಗಾಯ ಮಾಡುತ್ತವೆ. ಹೆಣ್ಣುಗಳೂ ತಮ್ಮ ಪಂಜರವನ್ನು ರಕ್ಷಿಸಿಕೊಳ್ಳಲು ಜಗಳವಾಡುವುದುಂಟು. ಗರ್ಭವಿಲ್ಲದೆಯೂ ಹೆಣ್ಣು ಎದೆಯ ತುಪ್ಪಳವನ್ನು ಕಿತ್ತು ಗೂಡು ಕಟ್ಟಿದರೆ ಗಾಬರಿ ಬೇಡ. ಈ ಹುಸಿಗರ್ಭವು ಸುಮಾರು ಎರಡೂವರೆ ವಾರಗಳಲ್ಲಿ ತಾನೇ ಮುಗಿಯುತ್ತದೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಎರಡಕ್ಕೂ ಹಿತಕರ. ಹೆಣ್ಣಿಗಂತೂ ಅದು ಜೀವರಕ್ಷಕ. ನಾಲ್ಕು ವರ್ಷ ದಾಟಿದ ಹೆಣ್ಣುಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹು ಸಾಮಾನ್ಯ. ಗಂಡಿಗೆ ಶಸ್ತ್ರಚಿಕಿತ್ಸೆಯಾದ ಬಳಿಕವೂ ನಾಲ್ಕರಿಂದ ಆರು ವಾರ ಹೆಣ್ಣಿನಿಂದ ದೂರವಿಡಬೇಕು. ಮೊಲಗಳಿಗೆ ಅರಿವಳಿಕೆ ನೀಡಿ ಅನುಭವವಿರುವ ಪಶುವೈದ್ಯರನ್ನೇ ಆರಿಸಿಕೊಳ್ಳಬೇಕು. ಪರೇಲಿನಲ್ಲಿ 1886ರಲ್ಲಿ ಆರಂಭವಾದ ಬಾಂಬೆ ಪಶುವೈದ್ಯಕೀಯ ಕಾಲೇಜಿನಲ್ಲಿ ಈ ಬಗ್ಗೆ ವಿಚಾರಿಸಬಹುದು.

ಹೆಚ್ಚಾದ ಮರಿಗಳನ್ನು ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬಳಿ ಬಿಡುವುದು ಸರ್ವಥಾ ಸಲ್ಲದು. ಅಲ್ಲಿಯ ಕಾಡುಮೊಲ ಬೇರೆಯೇ ಜಾತಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಿರುವುದರಿಂದ ಈ ಭ್ರಮೆ. ಸಾಕುಮೊಲವು ಅಲ್ಲಿ ನಾಯಿ, ಬೆಕ್ಕು, ಹದ್ದುಗಳ ಬಾಯಿಗೆ ಬೀಳುತ್ತದೆ.