ಹಿತ್ತಲ ಕೋಳಿಯೂ ಕಾಯಿಪಲ್ಯದ ಮಡಿಯೂ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಬಯಲುಸೀಮೆಯು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರು; ಅದರಲ್ಲಿ ದೊಡ್ಡ ಪಾಲು ಹಿಂಗಾರಿನದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ನೇಕಾರರೂ ಒಕ್ಕಲಿಗರೂ ಇಂದಿಗೂ ಈ ಸೀಮೆಯಲ್ಲಿ ಬಾಳುತ್ತಿದ್ದಾರೆ. ನೀರೂ ಗೊಬ್ಬರವೂ ಸುಲಭವಾಗಿ ದೊರೆಯದ ಇಂಥ ನೆಲದಲ್ಲಿ, ಹಿತ್ತಲಿನಿಂದಲೇ ಕಾಯಿಪಲ್ಯವನ್ನೂ ಮೊಟ್ಟೆಯನ್ನೂ ಪಡೆಯುವ ಬಗೆ ಹೇಗೆಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಪಲ್ಲಡಂ, ಉಡುಮಲೈಪೇಟೆಗಳ ಸುತ್ತ ಕೋಳಿ ಸಾಕಣೆಯು ಇಂದು ದೊಡ್ಡ ಉದ್ಯಮವಾಗಿದೆ. ಅಲ್ಲಿಯ ಮಾಂಸದ ಕೋಳಿಯು ಸುಮಾರು ಆರು ವಾರಗಳಲ್ಲಿ ಎರಡು ಕಿಲೋ ತೂಗುತ್ತದೆ. ಮೊಟ್ಟೆಗೆಂದೇ ಬೆಳೆಸಿದ ತಳಿಯ ಕೋಳಿಯು ವರ್ಷಕ್ಕೆ 300ರಷ್ಟು ಮೊಟ್ಟೆಯಿಡುತ್ತದೆ. ನಾಟಿ ಹೇಂಟೆಯಾದರೋ ಮೊದಲ ಮೊಟ್ಟೆಯಿಡಲು ಐದಾರು ತಿಂಗಳು ತೆಗೆದುಕೊಂಡು, ವರ್ಷಕ್ಕೆ 50ರಿಂದ 80 ಮೊಟ್ಟೆ ಕೊಡುತ್ತದೆ. ಈ ಲೆಕ್ಕದಲ್ಲಿ ನಾಟಿ ಕೋಳಿ ಸೋತಂತೆಯೇ ಕಾಣುವುದು. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ನೋಡಬೇಕು. ಉದ್ಯಮದ ಕೋಳಿಗೆ ಕೊಂಡು ತಂದ ಆಹಾರ ಬೇಕು. ಅದರ ಮರಿ ಹುಟ್ಟಲು ಯಂತ್ರದ ಕಾವು ಬೇಕು. ಕಾವಿಗೆ ಕೂತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ; ಆದುದರಿಂದ ತಳಿ ಬೆಳೆಸುವವರು ತಲೆಮಾರುಗಳ ಆಯ್ಕೆಯಿಂದ ಆ ಗುಣವನ್ನೇ ಬಹುಮಟ್ಟಿಗೆ ಅಳಿಸಿದ್ದಾರೆ. ನಾಟಿ ಹೇಂಟೆಯಲ್ಲಿ ಅದು ಉಳಿದಿದೆ. ತನ್ನ ಸಂತತಿಯನ್ನು ತಾನೇ ಬೆಳೆಸಬಲ್ಲ ಕೋಳಿಯೇ ಬಡವನ ಹಿತ್ತಲಿಗೆ ತಕ್ಕ ಕೋಳಿ.

ಹೇಂಟೆಯೊಂದು 10ರಿಂದ 12 ಮೊಟ್ಟೆಗಳಿಗೆ ಕಾವು ಕೊಡಬಲ್ಲದು. 21 ದಿನಗಳಲ್ಲಿ ಮರಿ ಹೊರಬರುತ್ತದೆ. ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಮಗುಚುವ ಕೆಲಸವನ್ನು ತಾಯಿಯೇ ಮಾಡುತ್ತದೆ. ಒಂದು ವಾರ ಮೀರದ ಮೊಟ್ಟೆಗಳನ್ನು ಆರಿಸುವುದು, ನೆರಳಿನಲ್ಲಿ ಹುಲ್ಲು ಹಾಸಿದ ಬುಟ್ಟಿಯನ್ನಿಡುವುದು, ಸಮೀಪದಲ್ಲಿ ನೀರು, ಕಾಳು ಒದಗಿಸುವುದು, ಇಷ್ಟು ನಮ್ಮ ಪಾಲಿನ ಕೆಲಸ. ಏಳನೆಯ ದಿನ ಕತ್ತಲೆಯ ಕೋಣೆಯಲ್ಲಿ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡಬಹುದು. ಜೀವವಿದ್ದರೆ ಒಳಗೆ ಜೇಡನ ಕಾಲುಗಳಂತೆ ಕೆಂಪು ನರಗಳು ಕಾಣುತ್ತವೆ. ಏನೂ ಕಾಣದ ತಿಳಿ ಮೊಟ್ಟೆಯನ್ನು ತೆಗೆದುಬಿಡಬೇಕು. ಹುಟ್ಟಿದ ಮರಿಗಳನ್ನು ಕಾಗೆ, ಹದ್ದುಗಳಿಂದ ಕಾಯಲು ಕೆಲವು ವಾರ ಮಂಕರಿಯ ಕೆಳಗಿಡುವುದು ವಾಡಿಕೆ. ಮುಂಗುಸಿ, ನಾಯಿಗಳು ನುಗ್ಗದ ಭದ್ರವಾದ ಗೂಡು ಬೇಕೇ ಬೇಕು.

ಹಗಲಿನಲ್ಲಿ ಕೋಳಿಯು ಕೆದಕಿ ಹುಳು, ಹುಲ್ಲು, ಬಿದ್ದ ಕಾಳುಗಳನ್ನು ತಿನ್ನುತ್ತದೆ. ಸಂಜೆ ಒಂದು ಹಿಡಿ ಜೋಳವನ್ನೋ ಸಜ್ಜೆಯನ್ನೋ ಕೊಟ್ಟರೆ ತಾನಾಗಿಯೇ ಗೂಡಿಗೆ ಮರಳುವ ಅಭ್ಯಾಸವೂ ಆಗುತ್ತದೆ. ಮರಿಗಳಿಗೆ ಗೆದ್ದಲು ಉತ್ತಮ ಆಹಾರ. ಹಳೆಯ ಮಡಕೆಯಲ್ಲಿ ಒದ್ದೆ ಸಗಣಿ, ಒಣಹುಲ್ಲು, ಗೋಣಿಯ ಚೂರುಗಳನ್ನು ತುಂಬಿ, ಗೆದ್ದಲಿರುವೆಡೆ ಸಂಜೆ ಬೋರಲು ಹಾಕಿದರೆ, ಮರುದಿನ ಬೆಳಿಗ್ಗೆ ಅದರಲ್ಲಿ ಗೆದ್ದಲು ಕೂಡಿರುತ್ತವೆ.

ಇನ್ನು ತೋಟದ ಮಾತು. ಕೋಳಿಯ ಹಿಕ್ಕೆಯಲ್ಲಿ ಸಾರಜನಕ ಹೇರಳವಾಗಿದೆ. ಹಸಿಯಾಗಿ ಬುಡಕ್ಕೆ ಹಾಕಿದರೆ ಎಳೆಯ ಗಿಡ ಸುಟ್ಟಂತಾಗುವುದು ಇದರಿಂದಲೇ. ಆದ್ದರಿಂದ ಹಿಕ್ಕೆಯ ಹಲವು ಪಾಲು ಒಣ ಎಲೆ, ತೆಂಗಿನ ನಾರಿನ ಪುಡಿ ಮುಂತಾದವುಗಳನ್ನು ಬೆರೆಸಿ, ರಾಶಿ ಹಾಕಿ, ತೇವವಾಗಿಟ್ಟು, ಆಗಾಗ ಮಗುಚಿ, ಮೂರು ನಾಲ್ಕು ತಿಂಗಳು ಕಳಿಯಬಿಡಬೇಕು. ರಾಶಿಯೊಳಗಿನ ಬಿಸಿಗೆ ಕಳೆಯ ಬೀಜಗಳೂ ಅನೇಕ ರೋಗಾಣುಗಳೂ ಸಾಯುತ್ತವೆ. ಚೆನ್ನಾಗಿ ಕಳಿತ ಗೊಬ್ಬರವು ಮಣ್ಣಿನ ವಾಸನೆಯುಳ್ಳದ್ದಾಗಿ, ನೀರನ್ನು ಹಿಡಿದಿಡುತ್ತದೆ. ಮಳೆ ಕಡಿಮೆಯಾದ ಸೀಮೆಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸೊಪ್ಪಿನ ಮಡಿಗೂ ಕೋಳಿಗೂ ಏಕಕಾಲದಲ್ಲಿ ಸ್ನೇಹವಿರದು. ಬೀಜ ಬಿತ್ತಿದ ಮಡಿಯನ್ನು ಕೋಳಿ ಕೆದಕಿ ಹಾಳುಮಾಡುತ್ತದೆ, ಮುಳ್ಳುಬೇಲಿ ಹಾಕಬೇಕು. ಬೆಳೆ ಕಿತ್ತ ಮೇಲೆ ಬೇಲಿ ತೆರೆದರೆ ಅದೇ ಕೋಳಿಗಳು ಕಳೆಯ ಬೀಜವನ್ನೂ ಹುಳುಗಳನ್ನೂ ಹೆಕ್ಕಿ ನೆಲವನ್ನು ಹಸನು ಮಾಡುತ್ತವೆ. ಅನಂತರ ಕೋಳಿಗಳನ್ನು ಹೊರಗಟ್ಟಿ, ಮಡಿಯನ್ನು ಕೆಲವು ತಿಂಗಳು ಬಿಟ್ಟು ಸೊಪ್ಪು ಬಿತ್ತುವುದು ಆರೋಗ್ಯಕ್ಕೆ ಒಳ್ಳೆಯದು. ನುಗ್ಗೆ, ಕರಿಬೇವು, ತೆಂಗು, ಬಾಳೆಗಳ ನೆರಳಿನಲ್ಲಿ ಮಾತ್ರ ಅವು ಎಂದಿಗೂ ಅಡ್ಡಾಡಬಹುದು.

ಈ ಪಾಠದ ಮುಖ್ಯ ಮಾತನ್ನು ಇಲ್ಲಿ ಹೇಳಬೇಕು. ಬಿಟ್ಟು ಸಾಕುವುದೆಂದರೆ ಕೈಬಿಡುವುದೆಂದು ಅರ್ಥವಲ್ಲ. ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗವು ಹಿತ್ತಲಿಗೆ ಕಾಲಿಟ್ಟರೆ, ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತ, ಹಸುರು ಬಿಳಿ ಮಿಶ್ರವಾಗಿ ಭೇದಿಯಾಗಿ, ಕೆಲವು ಕತ್ತು ತಿರುಚಿಕೊಂಡು, ಕೆಲವೇ ದಿನಗಳಲ್ಲಿ ಗೂಡು ಬರಿದಾಗುತ್ತದೆ. ಮಕ್ಕಳ ಪುಸ್ತಕಕ್ಕೆಂದು ತಾಯಿ ಕೂಡಿಸುತ್ತಿದ್ದ ಮೊಟ್ಟೆಯ ಹಣವೂ ಅದರೊಡನೆ ಹೋಗುತ್ತದೆ. ಈ ರೋಗಕ್ಕೆ ಮದ್ದಿಲ್ಲ. ತಡೆಯುವ ಲಸಿಕೆ ಉಂಟು. ಮರಿಯ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿಯಾಗಿ, ಎಂಟನೆಯ ವಾರದ ಹೊತ್ತಿಗೆ ಚುಚ್ಚುಮದ್ದಾಗಿ ಅದನ್ನು ಕೊಡುತ್ತಾರೆ. ಹತ್ತಿರದ ಪಶುವೈದ್ಯಶಾಲೆಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆಯಾಗಿಡಬೇಕು. ಸತ್ತುದನ್ನು ಬಯಲಿಗೆಸೆಯದೆ ಆಳವಾಗಿ ಹೂಳಬೇಕು. ಗೂಡು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಮಕ್ಕಳು ಊಟಕ್ಕೆ ಕೂರಬಾರದು.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ಮನೆಯಲ್ಲಾಗಲಿ ನೆರೆಯಲ್ಲಾಗಲಿ ಕಾವಿಗೆ ಕೂತ ಹೇಂಟೆಯಿದ್ದರೆ, ಕೂತ ದಿನ, ಇಟ್ಟ ಮೊಟ್ಟೆ, ಒಡೆದ ಮರಿ, ಎರಡು ತಿಂಗಳ ಬಳಿಕ ಉಳಿದ ಮರಿ, ಈ ನಾಲ್ಕನ್ನು ಬರೆದಿಡಿರಿ. ಕೊನೆಯ ಎರಡು ಅಂಕಿಗಳ ನಡುವಣ ಅಂತರವನ್ನು ತಂದೆತಾಯಿಗಳಿಗೆ ತೋರಿಸಿ, ಆ ಮರಿಗಳು ಹೋದುದು ಹದ್ದಿಗೋ, ಮುಂಗುಸಿಗೋ, ರೋಗಕ್ಕೋ ಎಂದು ಕೇಳಿ ಬರೆಯಿರಿ. ಮುಂದಿನ ಕಾವಿಗೆ ಯಾವುದನ್ನು ಮೊದಲು ಸರಿಪಡಿಸಬೇಕೆಂಬುದು ಆ ಬರಹದಿಂದಲೇ ತಿಳಿಯುವುದು.